ಕಣ್ಣಿಗೆ ಆರಾಮಿಲ್ಲ

ರಾಜಾಜಿನಗರ, ಬೆಂಗಳೂರು
26 ಮಾರ್ಚ್ 1974

ಮುಂಡರಗಿಯ ಅಕ್ಕೋರಿಗೆ,

ನಿಮ್ಮ ಕಡೆ ಹುಡುಗಿಯರಿಗೆ ಪಾಠ ಹೇಳುವವರನ್ನೆಲ್ಲ ಅಕ್ಕೋರೇ ಎನ್ನುತ್ತಾರಂತೆ. ಕಟ್ಟಿಕೊಂಡ ಗಂಡನೂ ಹಾಗೆ ಕರೆಯಬಹುದೋ ಬಾರದೋ, ನಿಮ್ಮವ್ವನನ್ನು ಕೇಳಿ ತಿಳಿಸು. ಮೊದಲೇ ನಿಮ್ಮ ಊರಲ್ಲಿ ನನ್ನ ಮಾನ ಒಮ್ಮೆ ಹೋಗಿದೆ. ಮದುವೆಯ ಮರುದಿನ ಬೆಳಗ್ಗೆ ನಿಮ್ಮ ಸೋದರಮಾವನಿಗೆ ಮರ್ಯಾದೆಯಿಂದ "ತಿಂಡಿ ಆಯ್ತಾ ಮಾವ?" ಎಂದು ಕೇಳಿದ್ದಕ್ಕೆ ಪಡಸಾಲೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ತಿಂಡಿ ಎಂದರೆ ನಿಮ್ಮಲ್ಲಿ ತುರಿಕೆ ಎಂದು ನನಗೇನು ಕನಸು ಬಿದ್ದಿತ್ತೇ? ಹೋದ ನವೆಂಬರಿನಲ್ಲಿ ರಾಜ್ಯಕ್ಕೆಲ್ಲ ಕರ್ನಾಟಕ ಎಂದು ಒಂದೇ ಹೆಸರಿಟ್ಟರು. ಮಾತು ಒಂದಾಗುವುದು ಯಾವಾಗಲೋ.

ಈಗ ಕೆಲಸದ ವಿಷಯ. ಯುಗಾದಿ ಬಂತು, ಪಂದ್ಯ ಶುರುವಾಯಿತು. ಆಮೇಲೆ ತಕರಾರು ಬೇಡವೆಂದು ಎಲ್ಲವನ್ನೂ ಬರೆದಿಡುತ್ತೇನೆ. ಗಂಡ ಹೆಂಡತಿ ಒಂದೇ ಸೂರಿನಡಿ ಇರಬೇಕೆಂಬುದರಲ್ಲಿ ಜಗಳವಿಲ್ಲ. ಯಾರ ಊರಿನ ಸೂರು ಎಂಬುದೇ ಜಗಳ. ನೀನು ಶಾಲೆ ಬಿಡುವುದಿಲ್ಲ ಅಂದೆ. ನಾನು ಕಾರ್ಖಾನೆಯ ಡ್ರಾಫ್ಟ್ಸ್‌ಮನ್ ಕೆಲಸ ಬಿಡುವುದಿಲ್ಲ ಅಂದೆ. ಹಿರಿಯರು ಪಂಚಾಯಿತಿಗೆ ಕೂರುವ ಮುಂಚೆ ನೀನೇ ಹಿತ್ತಲ ಕಟ್ಟೆಯ ಮೇಲೆ ಕೂತು ದಾರಿ ಹೇಳಿದೆ: "ಈ ಯುಗಾದಿಯಿಂದ ಬರೋ ಯುಗಾದಿಯೊಳಗ ಹನ್ನೆರಡು ಹಳೇ ಕಾವ್ಯ ಓದೂಣು. ಮೊದಲು ಯಾರು ಮುಗಸ್ತಾರೋ ಅವರ ಊರು. ಸೋತವರು ಊರು ಬಿಡಬೇಕು." ಚಂಪೂಗಳು, ಷಟ್ಪದಿಗಳು, ಯಾವ ಯಾವುದು ಎಂಬ ಪಟ್ಟಿಯೂ ನಿನ್ನದೇ. ಕನ್ನಡ ಪಾಠ ಹೇಳುವವಳು ನಕ್ಷೆ ಬರೆಯುವವನಿಗೆ ಒಡ್ಡಿದ ಪಂದ್ಯ ಇದು. ಆದರೂ ಒಪ್ಪಿದ್ದೇನೆ, ಯಾಕೆಂದರೆ ನನಗೆ ಸೋತು ಅಭ್ಯಾಸವಿಲ್ಲ.

ಮೊದಲನೆಯ ಚಂಪೂ ಗ್ರಂಥಾಲಯದಿಂದ ತಂದೆ. ಜೊತೆಗೆ ಮೂರು ಸೇರು ತೂಗುವ ನಿಘಂಟು. ಪದ್ಯದ ಒಂದೊಂದು ಮಾತಿಗೂ ನಿಘಂಟು ಬಿಚ್ಚುತ್ತಿದ್ದೇನೆ. ವಿಜಯನಗರದಲ್ಲಿ ಸೈಟು ಸಿಗುವ ಲಕ್ಷಣವಿದೆ. ನಿನ್ನ ಅಡುಗೆಮನೆಯ ಕಿಟಕಿ ಎತ್ತ ಇರಬೇಕು, ಈಗಲೇ ಹೇಳಿಬಿಡು.

ಇಂತು,
ರೇವಣಸಿದ್ದಯ್ಯ

ಮುಂಡರಗಿ
6 ಏಪ್ರಿಲ್ 1974

ರಾಜಾಜಿನಗರದ ಯಜಮಾನರಿಗೆ ಮುಂಡರಗಿಯಿಂದ ಶರಣು.

ಅಕ್ಕೋರು ಎಂದು ಕರೆಯಬಹುದೇ ಎಂದು ಅವ್ವನನ್ನು ಕೇಳಿದೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಕರೀಲಿ ಬಿಡ, ಅಕ್ಕೋರ ಮುಂದ ಕೈ ಕಟ್ಟಿ ನಿಂದ್ರಬೇಕಂತ ಹೇಳು" ಎಂದಳು.

ನೀವು ಬರೆದ ಕರಾರಿನಲ್ಲಿ ಎರಡು ಮಾತು ಬಿಟ್ಟಿದೆ. ಒಂದು, ಗದ್ಯಾನುವಾದ ಮುಟ್ಟಬಾರದು. ಎರಡು, ಪ್ರತಿಯೊಂದು ಕಾವ್ಯ ಮುಗಿದಾಗಲೂ ಮನಸ್ಸಿಗೆ ತಟ್ಟಿದ್ದೊಂದನ್ನು ಬರೆದು ತಿಳಿಸಬೇಕು. ಇಲ್ಲದಿದ್ದರೆ ಪುಟ ತಿರುವಿ ಮುಗಿಸಿದೆ ಎನ್ನುವವರಿಗೂ ಓದಿದವರಿಗೂ ಏನು ವ್ಯತ್ಯಾಸ?

ಕಿಟಕಿ ಎತ್ತ ಇರಬೇಕೆಂದು ಕೇಳಿದಿರಿ. ನನ್ನ ಕಿಟಕಿ ಶಾಲೆಯ ಮೈದಾನದತ್ತ ಇದೆ, ಅಲ್ಲೇ ಇರುತ್ತದೆ. ನಾನು ಸೇರಿದಾಗ ಇಲ್ಲಿ ಏಳನೆಯ ಇಯತ್ತೆಗೇ ಹುಡುಗಿಯರನ್ನು ಬಿಡಿಸಿ ಹೊಲಕ್ಕೆ ಕಳಿಸುತ್ತಿದ್ದರು. ಮನೆಮನೆಗೆ ಹೋಗಿ ತಂದೆಯರ ಜೊತೆ ಜಗಳ ಆಡಿ ಉಳಿಸಿಕೊಂಡ ಹುಡುಗಿಯರು ಇವರು. ಬೆಂಗಳೂರಿನಲ್ಲಿ ಅಕ್ಕೋರು ಸಾವಿರ ಸಿಗುತ್ತಾರೆ. ಇಲ್ಲಿ ನಾನು ಹೋದರೆ ಆ ಕುರ್ಚಿ ಖಾಲಿಯೇ ಉಳಿಯುತ್ತದೆ. ಇದನ್ನು ಹಟ ಎನ್ನಿ, ನನಗೆ ಬೇಸರವಿಲ್ಲ.

ಹಳೆಯ ಕಾವ್ಯ ನನಗೆ ಹೆದರಿಕೆಯ ವಸ್ತುವಲ್ಲ. ನಮ್ಮ ಅಜ್ಜಿಗೆ ಕಣ್ಣು ಹೋದ ಮೇಲೆ ಮಠದಲ್ಲಿ ಪುರಾಣ ಹೇಳುವ ಏಕಾಂತಯ್ಯನವರು ದಿನವೂ ಮನೆಗೆ ಬಂದು ಓದುತ್ತಿದ್ದರು. ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳುತ್ತ ಬೆಳೆದವಳು ನಾನು. ಏಕಾಂತಯ್ಯನವರು ಈಗಲೂ ಗಟ್ಟಿಯಾಗಿದ್ದಾರೆ. ನೀವು ಸೋಲುತ್ತೀರೆಂದು ಅವರೂ ಹೇಳಿದರು.

ನಿಮ್ಮ,
ನೀಲಗಂಗಾ

ರಾಜಾಜಿನಗರ
14 ಜುಲೈ 1974

ಅಕ್ಕೋರೇ,

ನಾಲ್ಕನೆಯದು ಮುಗಿಯಿತು. ಕೈ ಕಟ್ಟಿ ನಿಂತೇ ಹೇಳುತ್ತಿದ್ದೇನೆ.

ತಟ್ಟಿದ್ದು ಬರೆಯಬೇಕಲ್ಲ, ಬರೆಯುತ್ತೇನೆ. ದಂಡಿಗೆ ಹೊರಟ ಗಂಡನ ಮುಂದೆ ಹೆಂಡತಿ ಬಾಗಿಲಲ್ಲಿ ನಿಲ್ಲುತ್ತಾಳೆ. ಕವಿ ಅವಳ ಬಾಯಲ್ಲಿ ಒಂದೇ ಒಂದು ಮಾತೂ ಇಟ್ಟಿಲ್ಲ. ಕುದುರೆಯ ಸದ್ದು ಕೇಳಿಸದಾದ ಮೇಲೂ ಅವಳು ಅಲ್ಲೇ ನಿಂತಿದ್ದಾಳೆ. ನನಗೆ ತುಂಬ ಹಿಡಿಸಿತು. ಹೆಂಡತಿಯ ಬಾಯಲ್ಲಿ ಮಾತಿಲ್ಲದ ಕಾವ್ಯ ಎಂದು ಹಿಡಿಸಿತೋ ಏನೋ, ನೀನು ಬೇಕಾದ ಹಾಗೆ ಅರ್ಥ ಮಾಡಿಕೋ.

ಕೆಂಗೇರಿಗೆ ಹೋಗಿದ್ದೆ. ಅಮ್ಮ ಅಣ್ಣನ ಮನೆಯಲ್ಲಿ ಸುಖವಾಗಿದ್ದಾರೆ, ಆದರೆ ಬಾಯಿ ಸುಮ್ಮನಿರಬೇಕಲ್ಲ. "ಏನ್ ಮಗಾ, ಸೊಸೆ ಬರ್ತಾಳೋ, ಇಲ್ಲಾ ಬರೀ ಕಾಗ್ದದಲ್ಲೇ ಸಂಸಾರ ಮಾಡ್ತೀಯೋ?" ಎಂದು ಅತ್ತಿಗೆಯ ಮುಂದೆಯೇ ಕೇಳಿದರು. ಪಂದ್ಯದ ಕಥೆ ಹೇಳಿದರೆ ಹಣೆ ಚಚ್ಚಿಕೊಂಡರು. ಕಾರ್ಖಾನೆಯಲ್ಲೂ ಸುದ್ದಿ ಹಬ್ಬಿದೆ. ಮಗಾ, ಗುರು ಎಂದು ಬೆನ್ನು ತಟ್ಟುವವರೆಲ್ಲ ಕ್ಯಾಂಟೀನಿನಲ್ಲಿ ನನ್ನ ಮೇಲೆ ಮಸಾಲೆದೋಸೆ ಪಣ ಕಟ್ಟಿದ್ದಾರೆ. ಇನ್ನು ನಾನು ಸೋತರೆ ರಾಜಾಜಿನಗರದಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ.

ನೀನು ಎಲ್ಲಿದ್ದೀಯೆ? ಮೂರೋ ನಾಲ್ಕೋ? ಸುಳ್ಳು ಹೇಳಬೇಡ.

ರೇ.

ಮುಂಡರಗಿ
2 ಸೆಪ್ಟೆಂಬರ್ 1974

ಯಜಮಾನರಿಗೆ,

ಆರು ಮುಗಿದವು. ನಿಮ್ಮನ್ನು ದಾಟಿದ್ದೇನೆಂದು ನನಗೆ ನಂಬಿಕೆ. ಈ ವರ್ಷ ಅಧಿಕ ಮಾಸ ಬಂದು ಇಬ್ಬರಿಗೂ ಒಂದು ತಿಂಗಳು ಪುಕ್ಕಟೆ ಸಿಕ್ಕಿತಲ್ಲ, ಅದನ್ನು ನೀವು ನಿದ್ದೆ ಮಾಡಿ ಕಳೆಯಿರಿ.

ಬಾಗಿಲಲ್ಲಿ ನಿಂತವಳ ಪದ್ಯ ನಾನೂ ಓದಿದೆ. ಅವಳಿಗೆ ಮಾತಿರಲಿಲ್ಲ ಎಂದು ನೀವು ತಿಳಿದಿರಿ. ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ, ಅದಕ್ಕೆ ಕವಿ ಬರೆಯಲಿಲ್ಲ ಎಂದು ನಾನು ತಿಳಿದೆ.

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಕೆಲವು ದಿನಗಳಿಂದ ನನ್ನ ಕಣ್ಣಿಗೆ ಆರಾಮಿಲ್ಲ. ಸಂಜೆ ದೀಪ ಹಚ್ಚಿದರೆ ಅದರ ಸುತ್ತ ಕಾಮನಬಿಲ್ಲಿನ ಬಣ್ಣದ ಬಳೆ ಕಾಣುತ್ತದೆ. ಪದ್ಯದ ಸಾಲು ಓದುತ್ತಿದ್ದಂತೆ ಕೊನೆಯಲ್ಲಿ ಕರಗಿ ಹೋಗುತ್ತದೆ. ಅವ್ವ ಬೆನ್ನು ಹತ್ತಿದ್ದಾಳೆ: "ಅಳಿಯಂದಿರಿಗೆ ಬರಿ. ಅವರು ಏನಂತಾರ ಕೇಳು." ಅದಕ್ಕೆ ಕೇಳುತ್ತಿದ್ದೇನೆ. ಏನು ಮಾಡಲಿ? ನೀವು ಹೇಳಿದಂತೆ ಮಾಡುತ್ತೇನೆ.

ಬೇಗ ಉತ್ತರ ಬರೆಯಿರಿ.

ನೀಲಗಂಗಾ

ರಾಜಾಜಿನಗರ
10 ಸೆಪ್ಟೆಂಬರ್ 1974

ಅಕ್ಕೋರೇ,

ಬೇಗ ಬರೆ ಎಂದೆ, ಪತ್ರ ಕೈಗೆ ಬಂದ ದಿನವೇ ಬರೆಯುತ್ತಿದ್ದೇನೆ.

ನಿನ್ನ ಕಣ್ಣಿಗೆ ಆರಾಮಿಲ್ಲ ಎಂದು ಓದಿದೆ. ನನ್ನನ್ನು ಹೆದರಿಸಲಿಕ್ಕೇ ಇದನ್ನು ಬರೆದೆ ಎಂದು ಗೊತ್ತಾಗದಷ್ಟು ದಡ್ಡ ನಾನಲ್ಲ. ನಿಜ ಹೇಳಲೇ? ಓದಿ ಸಂತೋಷವೇ ಆಯಿತು. ಏನು ಮಾಡಲಿ ಎಂದು ಬೇರೆ ಕೇಳಿದ್ದೀಯೆ. ಏನೂ ಮಾಡಬೇಡ, ಹಾಗೇ ನಡೆಯಲಿ. ನಿನ್ನ ಕಣ್ಣಿಗೆ ಆರಾಮಿಲ್ಲದಿದ್ದರೇನೇ ಪಂದ್ಯಕ್ಕೊಂದು ಕಳೆ. ಇವತ್ತಿನಿಂದ ನನ್ನ ಕಣ್ಣಿಗೂ ಆರಾಮಿಲ್ಲವೆಂದೇ ತಿಳಿ. ಬೆಳಗ್ಗೆ ಕಾರ್ಖಾನೆಯ ಸೈರನ್ ಕೂಗುವುದರೊಳಗೆ ಒಂದು ಆಶ್ವಾಸ, ಸಂಜೆ ಬಂದು ಕೈಕಾಲು ತೊಳೆದ ಮೇಲೆ ಇನ್ನೊಂದು. ನೋಡೇಬಿಡೋಣ.

ಅದೇನು, ದೀಪದ ಸುತ್ತ ಕಾಮನಬಿಲ್ಲಿನ ಬಳೆಯಂತೆ, ಕರಗುವ ಸಾಲಂತೆ! ಕಾವ್ಯ ಓದೀ ಓದೀ ನೀನೇ ಕವಿಯಾಗಿಬಿಟ್ಟೆ. ಮನೆಯ ಓನರಮ್ಮ ಪುಟ್ಟಲಕ್ಷ್ಮಮ್ಮನವರಿಗೆ ಆ ಸಾಲು ಓದಿ ಹೇಳಿದೆ. "ನಿಮ್ಮ ಮನೆಯವ್ರು ಭಾರೀ ರಸಿಕರು ಕಣ್ರೀ" ಎಂದರು. ಎಷ್ಟು ಹೆಮ್ಮೆಯಾಯಿತು ಗೊತ್ತಾ?

ಅವ್ವನಿಗೆ ಶರಣು ಹೇಳು. ಅಳಿಯಂದಿರು ಏನಂದರು ಎಂದು ಕೇಳಿದರೆ, ಭೇಷ್ ಅಂದರು ಎಂದು ಹೇಳು.

ರೇ.

ಮುಂಡರಗಿ
11 ಅಕ್ಟೋಬರ್ 1974

ಶ್ರೀ ರೇವಣಸಿದ್ದಯ್ಯನವರಿಗೆ,

ನಿಮ್ಮ ಪತ್ರ ತಲುಪಿ ಬಹಳ ದಿನವಾಯಿತು. ನಿಮಗೆ ಸಂತೋಷವಾಯಿತೆಂದು ತಿಳಿಯಿತು. ಅವ್ವನಿಗೆ ಓದಿ ಹೇಳಲಿಲ್ಲ. ಏನಂದರು ಎಂದು ಕೇಳಿದಳು. ಭೇಷ್ ಅಂದರು ಎಂದಷ್ಟೇ ಹೇಳಿದೆ. ನೀವು ಹೇಳಿದಂತೆ ಮಾಡುತ್ತೇನೆ ಎಂದು ನಾನೇ ಬರೆದಿದ್ದೆನಲ್ಲ.

ಆದರೂ ಅವ್ವನ ಕಾಟಕ್ಕೆ ಹುಬ್ಬಳ್ಳಿಗೆ ಹೋಗಿ ಬಂದೆ. ಅಲ್ಲಿ ದೊಡ್ಡವರು ನೋಡಿದರು. ತಡ ಮಾಡಬೇಡ, ಇಲ್ಲಿ ಆಗುವ ಮಾತಲ್ಲ, ನೆಟ್ಟಗೆ ಬೆಂಗಳೂರಿಗೆ ಹೋಗು ಎಂದರು. ನಾನು ಒಲ್ಲೆ ಎಂದೆ. ಕಾರಣ ನಿಮಗೆ ಗೊತ್ತು. ಬಾ ಎನ್ನದವರ ಮನೆಗೆ ಬರುವ ಅಭ್ಯಾಸ ನಮಗಿಲ್ಲ. ನಮ್ಮ ಅಜ್ಜಿಗೆ ಆದದ್ದೇ ನನಗೂ ಆಗುವುದಿದ್ದರೆ ಆಗಲಿ.

ಎಂಟನೆಯದು ಮುಗಿಯಿತು. ತಟ್ಟಿದ್ದು ಏನೆಂದು ಬರೆಯುವ ಮನಸ್ಸಿಲ್ಲ. ಕಣ್ಣಿರುವವರೆಗೆ ಓದುತ್ತೇನೆ. ಹನ್ನೆರಡನ್ನೂ ಮುಗಿಸಿದ ಮೇಲೆ ಏನಾದರೂ ಆಗಲಿ.

ನೀಲಗಂಗಾ

ರಾಜಾಜಿನಗರ
24 ಅಕ್ಟೋಬರ್ 1974

ನೀಲಗಂಗಾ,

"ಶ್ರೀ ರೇವಣಸಿದ್ದಯ್ಯನವರಿಗೆ" ಎಂದು ಬರೆದಿದ್ದೀಯೆ. ಬ್ಯಾಂಕಿನಿಂದ ನೋಟೀಸು ಬಂದಂತಾಯಿತು. ನನ್ನ ಮೇಲೆ ಯಾಕೆ ಕೋಪ? ಹುಬ್ಬಳ್ಳಿಯಲ್ಲಿರುವ ನಿನ್ನ ಸೋದರಮಾವ ಕರೆಸಿ, ಕೆಲಸ ಬಿಟ್ಟು ಗಂಡನ ಮನೆಗೆ ಹೋಗು ಎಂದು ಬುದ್ಧಿ ಹೇಳಿದರೆ ಅದು ನಾನು ಹೇಳಿಕೊಟ್ಟದ್ದಲ್ಲ. ಅಮ್ಮನ ಆಣೆ, ನಾನು ಅವರಿಗೆ ಒಂದು ಕಾರ್ಡೂ ಬರೆದಿಲ್ಲ.

ಅಜ್ಜಿಗೆ ಆದದ್ದೇ ನನಗೂ ಆಗಲಿ ಎಂದರೇನು? ನಿಮ್ಮ ಅಜ್ಜಿ ತವರು ಬಿಡದೆ ಅಲ್ಲೇ ಉಳಿದವರಂತೆ, ನಿನ್ನ ಮಾವನೇ ಹೇಳಿದ್ದರು. ಅಂಥ ಶಪಥ ಬೇಡ ಮಾರಾಯ್ತಿ. ಆದರೆ ಒಂದು ಮಾತು ನೆಟ್ಟಗೆ ಹೇಳುತ್ತೇನೆ. ಯಾರೋ ದೊಡ್ಡವರು ಅಂದರು ಎಂದು ಬೆಂಗಳೂರಿಗೆ ಬರಬೇಡ. ಪಂದ್ಯ ಮುಗಿಯುವ ತನಕ ಬರಲೇಬೇಡ. ಅಳುತ್ತಾ ಬಂದ ಹೆಂಡತಿ ನನಗೆ ಬೇಡ. ಗೆದ್ದು ಕರೆಸಿಕೊಳ್ಳುತ್ತೇನೆ, ಇಲ್ಲವೇ ಸೋತು ನಾನೇ ಗಂಟುಮೂಟೆ ಕಟ್ಟುತ್ತೇನೆ. ಗಂಡಸಿನ ಹಾಗೆ ಹೇಳಿದ್ದೇನೆ, ಇದನ್ನಾದರೂ ಮೆಚ್ಚಿಕೋ.

ಇನ್ನೊಂದು ದೂರು. ನಿನ್ನ ಅಕ್ಷರ ಪತ್ರದಿಂದ ಪತ್ರಕ್ಕೆ ದಪ್ಪವಾಗುತ್ತಿದೆ. ಈ ಸಲವಂತೂ ಬಾಲವಾಡಿಯ ಮಕ್ಕಳು ಬರೆದಂತಿದೆ. ಸಾಲುಗಳು ಒಂದರ ಮೇಲೊಂದು ಹತ್ತಿವೆ. ನನಗೆ ನಾಲ್ಕು ಮಾತು ಹೆಚ್ಚು ಬರೆಯಲು ಬೇಸರವಾಗಿ ಇನ್‌ಲ್ಯಾಂಡ್ ತುಂಬಿಸುವ ಉಪಾಯವೋ?

ನಾನು ಎಂಟನೆಯದರ ನಡುವೆ ಇದ್ದೇನೆ.

ರೇ.

ಮುಂಡರಗಿ
29 ನವೆಂಬರ್ 1974

ಶ್ರೀ ರೇವಣಸಿದ್ದಯ್ಯನವರಿಗೆ,

ಬರಬೇಡ ಎಂದು ಬರೆದಿರಿ. ಬರುವುದಿಲ್ಲ.

ಒಂಬತ್ತನೆಯದನ್ನು ನಾನೇ ಓದಿದೆ. ಹತ್ತನೆಯದನ್ನು ಮೊದಲ ಆಶ್ವಾಸದವರೆಗೆ ಓದಿದೆ. ಉಳಿದದ್ದನ್ನು ಏಕಾಂತಯ್ಯನವರು ದಿನವೂ ಶಾಲೆ ಬಿಟ್ಟ ಮೇಲೆ ಬಂದು ಓದಿದರು. ನಾನು ಕೇಳಿದೆ. ಅಜ್ಜಿ ಕೂರುತ್ತಿದ್ದ ಜಾಗದಲ್ಲೇ ಕೂತು ಕೇಳಿದೆ. ಒಂದು ಪದ್ಯವನ್ನೂ ಬಿಡಲಿಲ್ಲ, ಎಷ್ಟೋ ಪದ್ಯ ಬಾಯಿಗೆ ಬಂದಿವೆ. ಹಿಂದಿನ ಕಾಲದಲ್ಲಿ ಕಾವ್ಯವನ್ನು ಕೇಳುತ್ತಿದ್ದರೇ ಹೊರತು ಎಲ್ಲರೂ ಪುಸ್ತಕ ಹಿಡಿದು ಕೂರುತ್ತಿರಲಿಲ್ಲ.

ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನೀವೇ ತೀರ್ಮಾನ ಮಾಡಿ. ಮುಚ್ಚಿಡಬಾರದೆಂದು ತಿಳಿಸಿದ್ದೇನೆ.

ಸಾಲು ಓರೆಯಾಗಿದ್ದರೆ ಕ್ಷಮಿಸಿ.

ನೀಲಗಂಗಾ

ರಾಜಾಜಿನಗರ
12 ಡಿಸೆಂಬರ್ 1974

ನೀಲಗಂಗಾ,

ತೀರ್ಮಾನ ಕೇಳಿದೆ. ಹೇಳುತ್ತೇನೆ. ಲೆಕ್ಕಕ್ಕೆ ಬರುವುದಿಲ್ಲ.

ನಾನಿಲ್ಲಿ ಎಂಟು ಗಂಟೆ ನಕ್ಷೆಯ ಹಲಗೆಯ ಮುಂದೆ ಬಗ್ಗಿ, ಮನೆಗೆ ಬಂದು ನಿಘಂಟಿನ ಜೊತೆ ಗುದ್ದಾಡುತ್ತೇನೆ. ಗದ್ಯಾನುವಾದ ಗ್ರಂಥಾಲಯದಲ್ಲಿ ಕೈಗೆಟಕುವಲ್ಲೇ ಇದೆ, ಮುಟ್ಟಿಲ್ಲ. ಯಾಕೆ? ನೀನು ಬೇಡ ಅಂದೆ ಎಂದು. ನೀನು ಅಲ್ಲಿ ಗೋಡೆಗೆ ಒರಗಿ ಕೂತು ಪಂಡಿತರ ಬಾಯಿಂದ ಅರ್ಥಸಮೇತ ಕೇಳಿ, ಹತ್ತು ಮುಗಿಯಿತು ಎಂದರೆ ನಾನು ಒಪ್ಪಬೇಕೇ? ಓದುವುದು ಎಂದರೆ ಕಣ್ಣಿಟ್ಟು ಓದುವುದು. ಕೇಳಿದ್ದೆಲ್ಲ ಓದಲ್ಲ. ನಿಮ್ಮ ಅಜ್ಜಿಗಾದರೆ ಕಣ್ಣಿರಲಿಲ್ಲ. ನಿನಗೇನು ಧಾಡಿ?

ನನಗೆ ಸಿಟ್ಟಿಗಿಂತ ದುಃಖವಾಗಿದೆ. ಮೊದಲ ಪತ್ರಗಳಲ್ಲಿ ನೀನು ನನ್ನ ಕಾಲೆಳೆಯುತ್ತಿದ್ದೆ, ನಗುತ್ತಿದ್ದೆ. ಈಗ ನಾಲ್ಕು ಸಾಲು ಗೀಚಿ ಎಸೆಯುತ್ತೀಯೆ. ಬೇಸರವಾಗಿದ್ದರೆ ಬಾಯಿ ಬಿಟ್ಟು ಹೇಳು. ಹೇಳದೆ ನನಗೆ ಹೇಗೆ ತಿಳಿಯಬೇಕು?

ರೇವಣಸಿದ್ದಯ್ಯ

ಮುಂಡರಗಿ
28 ಡಿಸೆಂಬರ್ 1974

ಶ್ರೀ ರೇವಣಸಿದ್ದಯ್ಯನವರಿಗೆ,

ಸೋತೆ. ಆದರೆ ಊರು ಬಿಟ್ಟು ಬರಲಾರೆ. ಇಂಥವಳನ್ನು ಕಟ್ಟಿಕೊಂಡು ನೀವು ಏನು ಮಾಡುತ್ತೀರಿ? ಕೆಂಗೇರಿಯಲ್ಲಿ ನಿಮ್ಮ ತಾಯಿಯವರಿಗೆ ಬೇರೆ ಸೊಸೆಯನ್ನು ನೋಡಿಕೊಳ್ಳಲು ಹೇಳಿ. ಇನ್ನು ಬರೆಯುವುದಿಲ್ಲ.

ನೀಲಗಂಗಾ

ಸಿಟಿ ರೈಲು ನಿಲ್ದಾಣ, ಬೆಂಗಳೂರು
8 ಜನವರಿ 1975

ನೀಲಾ,

ಹುಬ್ಬಳ್ಳಿಯ ಗಾಡಿ ಬರಲು ಇನ್ನೂ ಹೊತ್ತಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ದಪ್ಪವಾಗಿ ಬರೆಯುತ್ತಿದ್ದೇನೆ, ನೋಡು. ಇದನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ಏಕಾಂತಯ್ಯನವರ ಕೈಗೆ ಕೊಡುತ್ತೇನೆ. ಅವರು ನಿನಗೆ ಓದಿ ಹೇಳುವ ತನಕ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಎದುರಿಗೆ ನಿಂತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ನಿನ್ನೆ ಮಧ್ಯಾಹ್ನದ ಮಾತು. ನಮ್ಮ ವಿಭಾಗಕ್ಕೆ ನವಲಗುಂದದ ಕಡೆಯ ಚನ್ನವೀರಪ್ಪ ಎಂಬುವನು ಹೊಸದಾಗಿ ಸೇರಿದ್ದಾನೆ. ನನ್ನ ಹಲಗೆಯ ಹತ್ತಿರ ಬಂದು, "ಸರ, ನಾಳಿ ಬರಾಕ ಆಗೂದಿಲ್ರಿ. ಆರಾಮಿಲ್ರಿ" ಎಂದ. ನಿನ್ನ ಕೊನೆಯ ಪತ್ರ ಓದಿ ತಲೆ ಕೆಟ್ಟಿದ್ದ ನಾನು ರೇಗಿದೆ. "ಆರಾಮ ಯಾರಿಗಪ್ಪಾ ಇದೆ ಇಲ್ಲಿ? ನನಗಿದ್ಯಾ? ಸುಮ್ನೆ ಕೂತ್ಕೊಂಡು ಕೆಲ್ಸ ಮಾಡು ಹೋಗು."

ಅವನು ಕಕ್ಕಾಬಿಕ್ಕಿಯಾದ. "ಹಂಗಲ್ರೀ ಸರ, ಜ್ವರಾ ಬಂದಾವ್ರಿ. ನಿಮ್ಮ ಕಡೆ ಹುಷಾರಿಲ್ಲ ಅಂತೀರಲ್ಲ, ನಾವು ಆರಾಮಿಲ್ಲ ಅಂತೀವ್ರಿ." ಕೈ ಮುಟ್ಟಿ ನೋಡಿದೆ, ಸುಡುತ್ತಿತ್ತು.

ನೀಲಾ, ನಿನ್ನ ಪತ್ರದ ಸಾಲು ನೆನಪಾಯಿತು. "ಕಣ್ಣಿಗೆ ಆರಾಮಿಲ್ಲ ಅಂದ್ರೆ ಏನಪ್ಪಾ?" ಎಂದು ಕೇಳಿದೆ. "ಕಣ್ಣಿನ ಬ್ಯಾನಿ ರೀ. ಯಾರಿಗ್ರಿ ಸರ?" ಎಂದ. ಅವನನ್ನು ಮನೆಗೆ ಕಳಿಸಿದೆ.

ಕಣ್ಣಿಗೆ ಆರಾಮಿಲ್ಲ ಎಂದರೆ ಕಣ್ಣಿಗೆ ಬಿಡುವಿಲ್ಲ ಎಂದುಕೊಂಡೆ. ಬಿಡುವಿಲ್ಲದೆ ಓದುತ್ತಿದ್ದೇನೆ, ಮುಂದೆ ಹೋಗುತ್ತಿದ್ದೇನೆ ಎಂದು ಜಂಬ ಮಾಡುತ್ತಿದ್ದೀಯೆ ಎಂದುಕೊಂಡೆ. ಮನೆಗೆ ಓಡಿ ನಿನ್ನ ಪತ್ರಗಳನ್ನೆಲ್ಲ ಹರಡಿಕೊಂಡು ಮತ್ತೆ ಓದಿದೆ. ದೀಪದ ಸುತ್ತಲಿನ ಬಳೆ ಕವಿತೆಯಲ್ಲ. ಹುಬ್ಬಳ್ಳಿಯ ದೊಡ್ಡವರು ನಿನ್ನ ಸೋದರಮಾವನಲ್ಲ, ಡಾಕ್ಟರು. ಅಜ್ಜಿಗೆ ಆದದ್ದು ಎಂದರೆ ತವರಲ್ಲಿ ಉಳಿದದ್ದಲ್ಲ. ಅಕ್ಷರ ದಪ್ಪವಾದದ್ದು ಬೇಸರಕ್ಕಲ್ಲ. ಏನು ಮಾಡಲಿ ಎಂದು ಕೇಳಿದವಳಿಗೆ ಏನೂ ಮಾಡಬೇಡ ಎಂದೆ, ಸಂತೋಷವಾಯಿತು ಎಂದೆ, ಬರಬೇಡ ಎಂದೆ. ಕಣ್ಣು ಹೋಗುತ್ತಿದ್ದವಳಿಗೆ ನಿನಗೇನು ಧಾಡಿ ಎಂದು ಕೇಳಿದೆ. ಸಾವಿರ ವರ್ಷದ ಹಿಂದಿನ ಮಾತಿಗೆಲ್ಲ ನಿಘಂಟು ಬಿಚ್ಚಿದೆ. ನಿನ್ನ ಮಾತಿಗೆ ಬಿಚ್ಚಲಿಲ್ಲ.

ಬೆಳಗ್ಗೆ ಇಲ್ಲಿಯ ಕಣ್ಣಾಸ್ಪತ್ರೆಗೆ ಹೋಗಿ ಡಾಕ್ಟರಿಗೆ ದೀಪದ ಬಳೆಯ ಸಂಗತಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಯಾವಾಗಿಂದ? ಇನ್ನೂ ಯಾಕ್ರೀ ಕರ್ಕೊಂಡ್ ಬಂದಿಲ್ಲ?" ಎಂದು ಗದರಿದರು. ಹಾಸಿಗೆ ಹೇಳಿಟ್ಟು ಬಂದಿದ್ದೇನೆ. ನನ್ನ ಮುಖ ನೋಡುವುದು ಬೇಡವೆಂದರೆ ನೋಡಬೇಡ. ಗಾಡಿಯಲ್ಲಿ ಬೇರೆ ಡಬ್ಬಿಯಲ್ಲಿ ಕೂರುತ್ತೇನೆ. ಆದರೆ ಹೊರಟು ಬಾ. ನಿನಗೆ ಕೈ ಮುಗಿಯುತ್ತೇನೆ, ಬಾ.

ರೇವಣಸಿದ್ದಯ್ಯ

ಮುಂಡರಗಿ
5 ಏಪ್ರಿಲ್ 1975

ರಾಜಾಜಿನಗರದ ಯಜಮಾನರಿಗೆ ಮುಂಡರಗಿಯಿಂದ ಶರಣು.

ಇದು ನನ್ನದೇ ಕೈಬರಹ. ಸಾಲು ನೆಟ್ಟಗಿವೆಯೇ ನೋಡಿ. ಅವ್ವ ಪಕ್ಕದಲ್ಲೇ ಕೂತು, "ಸಾಕ ಏಳು, ಕಣ್ಣಿಗೆ ತ್ರಾಸ ಆಗತೈತಿ" ಎನ್ನುತ್ತಿದ್ದಾಳೆ. ಎಡಗಣ್ಣು ಆರಾಮಾಗಿದೆ. ಬಲಗಣ್ಣು ಡಾಕ್ಟರು ಹೇಳಿದಂತೆಯೇ ಉಳಿದಿದೆ. ದೀಪ ಹಚ್ಚಿದೆ ಎಂದು ತಿಳಿಯುತ್ತದೆ, ಯಾರು ಹಚ್ಚಿದರು ಎಂದು ತಿಳಿಯುವುದಿಲ್ಲ. ಶಾಲೆಯವರು ಒಂದು ಕಣ್ಣಿನ ಅಕ್ಕೋರೇ ಸಾಕು ಎಂದರು. ಹುಡುಗಿಯರು ಬಲಗಡೆಯ ಬೆಂಚಿಗೆ ಪೈಪೋಟಿ ನಡೆಸಿದ್ದಾರಂತೆ, ಆ ಕಡೆ ನನಗೆ ಕಾಣುವುದಿಲ್ಲ ಎಂದು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿನ ಹಿಂದಿನ ದಿನ ನೀವು ಔಷಧ ತರಲು ಹೊರಗೆ ಹೋಗಿದ್ದಿರಿ. ಆಗ ಡಾಕ್ಟರು ಕೇಳಿದ ಮಾತನ್ನು ನಿಮಗೆ ಹೇಳಿಲ್ಲ. ಈಗ ಹೇಳುತ್ತೇನೆ. "ನಾಲ್ಕು ತಿಂಗಳು ಮುಂಚೆ ಬಂದಿದ್ರೆ ಎರಡೂ ಕಣ್ಣು ಉಳೀತಿತ್ತಲ್ಲಮ್ಮ, ಯಾರಿಗೂ ಹೇಳ್ಲಿಲ್ವಾ?" ಎಂದರು. ಹೇಳಿದ್ದೆ ಎಂದೆ.

ಅಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ನಿಮ್ಮ ಮೇಲೆ ದೂರಾಗುತ್ತಿತ್ತು. ದೂರು ನನ್ನ ಮೇಲೂ ಇದೆ. ನಿಮ್ಮ ಆ ಪತ್ರ ಓದಿ, ಈ ಮನುಷ್ಯ ಇಷ್ಟು ಕೆಟ್ಟವನೇ ಎಂದು ಒಂದು ಸಾಲು ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಬಿಗುಮಾನ ಅಡ್ಡ ಬಂತು. ಎಷ್ಟೋ ದಿನ ನಿಮ್ಮನ್ನು ಮನಸ್ಸಿನಲ್ಲೇ ಶಪಿಸಿದ್ದೇನೆ. ನನಗೆ ಆರಾಮಿರಲಿಲ್ಲ, ನೀವು ಹುಷಾರಿರಲಿಲ್ಲ. ನಮ್ಮ ಕಡೆ ಹುಷಾರ ಎಂದರೆ ಜಾಣ. ಇದಕ್ಕೂ ನಿಘಂಟು ಹುಡುಕಬೇಡಿ ಎಂದು ನಾನೇ ಅರ್ಥ ಬರೆದಿದ್ದೇನೆ.

ಈಗ ಪಂದ್ಯದ ವಿಷಯ. ಯುಗಾದಿಗೆ ಇನ್ನೊಂದು ವಾರ. ನೀವು ಹನ್ನೊಂದು ಮುಗಿಸಿ ಹನ್ನೆರಡನೆಯದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೀರೆಂದು ಕೆಂಗೇರಿಯ ಅತ್ತೆಯವರು ಹೇಳಿ ಕಳಿಸಿದ್ದಾರೆ. ನನ್ನನ್ನು ಗೆಲ್ಲಿಸುವ ಉಪಾಯವೋ? ಅಂಥ ಗೆಲುವು ನನಗೆ ಬೇಡ. ನಾನು ಕಣ್ಣಿಟ್ಟು ಓದಿದ್ದು ಒಂಬತ್ತು. ಹತ್ತನೆಯದನ್ನು ಏಕಾಂತಯ್ಯನವರಿಂದ ಕೇಳಿದೆ. ಹನ್ನೊಂದನೆಯದನ್ನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ನಿಮ್ಮಿಂದ ಕೇಳಿದೆ. ನಿಮಗೆ ಅಲ್ಪಪ್ರಾಣ ಮಹಾಪ್ರಾಣದ ಪರಿವೆ ಇಲ್ಲ, ಆದರೂ ಆಸ್ಪತ್ರೆಯ ಸಾಲು ಹಾಸಿಗೆಗಳವರೆಲ್ಲ ಕೆಮ್ಮು ತಡೆದು ಕೇಳುತ್ತಿದ್ದರು. ನಡುವೆ ಎರಡು ಸಲ ಓದು ನಿಲ್ಲಿಸಿ ನೀರು ಕುಡಿದಿರಿ. ಆ ಪದ್ಯಗಳಲ್ಲಿ ಅಳುವಂಥದ್ದು ಏನೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು.

ಕೇಳಿದ್ದು ಲೆಕ್ಕಕ್ಕಿಲ್ಲ ಎಂಬುದು ನಿಮ್ಮ ತೀರ್ಮಾನ. ಅದರಂತೆ ನಾನು ಸೋತೆ. ನನ್ನದೂ ಒಂದು ತೀರ್ಮಾನವಿದೆ. ಹೋದ ವರ್ಷ ನಾನು ಬರೆದ ಪತ್ರಗಳನ್ನೆಲ್ಲ ನೀವು ಕಣ್ಣಿಟ್ಟು ಓದಿದಿರಿ. ಒಂದನ್ನೂ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಸೋತವರು ನೀವು.

ಸೋತವರು ಊರು ಬಿಡಬೇಕು. ಗದಗಿನಲ್ಲಿ ಹೊಸ ಗಿರಣಿಗೆ ನಕ್ಷೆ ಬರೆಯುವವರು ಬೇಕಾಗಿದ್ದಾರಂತೆ, ಏಕಾಂತಯ್ಯನವರು ವಿಚಾರಿಸಿ ಬಂದಿದ್ದಾರೆ. ಕಣ್ಣು ತೋರಿಸಲು ಮೂರು ತಿಂಗಳಿಗೊಮ್ಮೆ ಹೇಗೂ ಬೆಂಗಳೂರಿಗೆ ಹೋಗಬೇಕು, ಆಗ ಕೆಂಗೇರಿಯಲ್ಲಿ ನಾಲ್ಕು ದಿನ ಅತ್ತೆಯವರ ಜೊತೆ ಇದ್ದು ಬರೋಣ. ಯುಗಾದಿಗೆ ಬನ್ನಿ. ಅಟ್ಟದ ಮೇಲಿನ ಆ ಹನ್ನೆರಡನೆಯದನ್ನು ತನ್ನಿ. ನೀವು ಓದಿ, ನಾನು ಕೇಳುತ್ತೇನೆ. ಆಮೇಲೆ ನಾನು ಹೇಳುತ್ತೇನೆ, ನೀವು ಕೇಳಿ.

ಗದಗಿನಲ್ಲಿ ಇಳಿದು ಬಸ್ಸು ಬದಲಿಸಬೇಕು. ಹಸಿವಾದರೆ ಖಾನಾವಳಿಗೆ ಹೋಗಿ ತಿಂಡಿ ಇದೆಯಾ ಎಂದು ಕೇಳಬೇಡಿ, ನಾಷ್ಟಾ ಎನ್ನಿ.

ನಿಮ್ಮ,
ನೀಲಗಂಗಾ